ಸುಂಬಾ ದ್ವೀಪ: ನೋಡಲು ಹೋಗಿ, ಜಾಗ ಕೊಳ್ಳಲು ಆತುರ ಬೇಡ

ಬಾಲಿಗೆ ಹೋಗಿ ಬಂದವರು ಈಗ ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. 2024ರಲ್ಲಿ ಬೆಂಗಳೂರಿನಿಂದ ನೇರ ವಿಮಾನ ಶುರುವಾದ ಮೇಲಂತೂ ಕೇಳುವುದೇ ಬೇಡ. ಅದೇ ಬಾಲಿಯಿಂದ ಪೂರ್ವಕ್ಕೆ ಇನ್ನೊಂದು ಗಂಟೆಗಿಂತ ಸ್ವಲ್ಪ ಜಾಸ್ತಿ ಹಾರಿದರೆ ಇಂಡೋನೇಷ್ಯಾದ್ದೇ ಇನ್ನೊಂದು ದ್ವೀಪ ಸುಂಬಾ ಸಿಗುತ್ತದೆ. ಹುಲ್ಲುಗಾವಲಿನ ಗುಡ್ಡ, ಕುದುರೆ, ಖಾಲಿ ಕಡಲತೀರ. ಬಾಲಿಯಲ್ಲಿ ಜಾಗದ ಬೆಲೆ ಕೇಳಿ ಸುಸ್ತಾದವರಿಗೆ "ಸುಂಬಾನೇ ಮುಂದಿನ ಬಾಲಿ, ಈಗಲೇ ತೊಗೊಂಡುಬಿಡಿ" ಅನ್ನುವ ಏಜೆಂಟರೂ ಸಿಗುತ್ತಾರೆ. ನನ್ನ ಜೊತೆ ಬಂದಿದ್ದ ಗೆಳೆಯರು ಅದೇ ಲೆಕ್ಕ ಹಾಕಿಕೊಂಡು ಬಂದಿದ್ದರು. ನೋಡಿ, ಕೇಳಿ, ಓಡಾಡಿದ ಮೇಲೆ ನಾನು ಹೇಳುವುದು ಇಷ್ಟು: ಸುಂಬಾಕ್ಕೆ ಖಂಡಿತ ಹೋಗಿ. ಅಲ್ಲಿನ ಹಳ್ಳಿಯಲ್ಲಿ ಜಾಗದ ಮೇಲೆ ಮಾತ್ರ ದುಡ್ಡು ಹಾಕಬೇಡಿ. ಹಳ್ಳಿಗೆ ದುಡ್ಡು ಸೇರಬೇಕು ಅನ್ನುವ ಆಸೆ ಇದ್ದರೆ ಅದಕ್ಕೆ ಬೇರೆ ದಾರಿ ಇದೆ.

ಮೊದಲು ಹೋಗುವ ವಿಷಯ. ಭಾರತೀಯರಿಗೆ ಬಾಲಿಯಲ್ಲಿ ಇಳಿದ ಮೇಲೆ ವೀಸಾ ಸಿಗುತ್ತದೆ. 5 ಲಕ್ಷ ಇಂಡೋನೇಷ್ಯಾ ರುಪಿಯಾ, 30 ದಿನ. ಒಂದು ಸಲ ಇನ್ನೂ 30 ದಿನ ವಿಸ್ತರಿಸಬಹುದು. ಆನ್‌ಲೈನ್‌ನಲ್ಲಿ ಮೊದಲೇ ಮಾಡಿಸಿಕೊಂಡರೆ ಸಾಲಿನಲ್ಲಿ ನಿಲ್ಲುವುದು ತಪ್ಪುತ್ತದೆ. ಪಾಸ್‌ಪೋರ್ಟ್‌ಗೆ ಆರು ತಿಂಗಳಾದರೂ ಅವಧಿ ಇರಲಿ. ಬಾಲಿಗೆ ಬರುವ ವಿದೇಶಿಯರಿಗೆ 1.5 ಲಕ್ಷ ರುಪಿಯಾದ ಪ್ರವಾಸಿ ಶುಲ್ಕವೂ ಇದೆ. ಸೊನ್ನೆ ನೋಡಿ ಗಾಬರಿ ಬೇಡ, ನಮ್ಮ ಒಂದು ರೂಪಾಯಿಗೆ ಅಲ್ಲಿನ ದುಡ್ಡು ನೂರೆಂಬತ್ತರ ಆಸುಪಾಸು ಬರುತ್ತದೆ.

ಸುಂಬಾದಲ್ಲಿ ಎರಡು ವಿಮಾನ ನಿಲ್ದಾಣ. ಪಶ್ಚಿಮಕ್ಕೆ ತಂಬೊಲಾಕಾ, ಪೂರ್ವಕ್ಕೆ ವಾಯಿಂಗಾಪು. ಒಂದರಲ್ಲಿ ಇಳಿದು ಇನ್ನೊಂದರಿಂದ ವಾಪಸ್ ಹೊರಡುವ ಹಾಗೆ ಟಿಕೆಟ್ ಮಾಡಿಸಿ, ಬಂದ ದಾರಿಯಲ್ಲೇ ಮತ್ತೆ ಹೋಗುವ ಕಷ್ಟ ಇರುವುದಿಲ್ಲ. ವಿಮಾನ ಚಿಕ್ಕದು, ಪ್ರೊಪೆಲ್ಲರಿನದು, ಲಗೇಜು ಕಡಿಮೆ ಬಿಡುತ್ತಾರೆ. ಹೊತ್ತಿಗೆ ಸರಿಯಾಗಿ ಹೊರಡುತ್ತದೆ ಅಂತ ನಂಬಬೇಡಿ. ಬಾಲಿಯಿಂದ ಬೆಂಗಳೂರಿಗೆ ಬರುವ ವಿಮಾನಕ್ಕೂ ಇದಕ್ಕೂ ನಡುವೆ ಒಂದು ರಾತ್ರಿ ಬಿಡಿ. ವಾಯಿಕಬುಬಾಕ್, ವಾಯಿಂಗಾಪು ಪೇಟೆಗಳಲ್ಲಿ ಎಟಿಎಂ ಇವೆ. ಅಲ್ಲೇ ಸಾಕಷ್ಟು ನಗದು ತೆಗೆದುಕೊಳ್ಳಿ, ಹಳ್ಳಿಯಲ್ಲಿ ಕಾರ್ಡು ನಡೆಯುವುದಿಲ್ಲ. ಸಿಮ್ ಟೆಲ್ಕಮ್‌ಸೆಲ್‌ದೇ ಇರಲಿ. ಡ್ರೈವರ್ ಸಮೇತ ಕಾರು ಮಾಡಿಕೊಳ್ಳಿ. ದುಡ್ಡು ಜಾಸ್ತಿ ಆಗುತ್ತದೆ ನಿಜ, ಆದರೆ ಸ್ಥಳೀಯ ಭಾಷೆ ಬಲ್ಲವರು ಜೊತೆಗಿಲ್ಲದಿದ್ದರೆ ಹಳ್ಳಿಗೆ ಹೋದರೂ ಹೊರಗಿನಿಂದ ಫೋಟೋ ತೆಗೆದು ಬಂದ ಹಾಗೆಯೇ. ಕತ್ತಲಾದ ಮೇಲೆ ಪಶ್ಚಿಮ ಭಾಗದ ರಸ್ತೆಗಳಲ್ಲಿ ಓಡಾಡಬೇಡಿ. ಗಂಡಸರ ಸೊಂಟದಲ್ಲಿ ಉದ್ದ ಮಚ್ಚು ಕಂಡರೆ ಹೆದರಬೇಕಿಲ್ಲ, ಅದು ಅಲ್ಲಿನ ಉಡುಪಿನ ಭಾಗ.

ಸುಂಬಾದಲ್ಲಿ ಮಲೇರಿಯಾ ಇದೆ. ಹೊರಡುವ ಮೊದಲೇ ಡಾಕ್ಟರನ್ನು ಕಂಡು ಮಾತ್ರೆ ಕೇಳಿ. ಊರಿಗೆ ಬಂದ ಮೇಲೆ ಕೆಲವು ವಾರಗಳ ನಂತರ ಜ್ವರ ಬಂದರೂ ಅಲ್ಲಿಗೆ ಹೋಗಿದ್ದನ್ನು ಡಾಕ್ಟರಿಗೆ ಹೇಳಲೇಬೇಕು.

ಇನ್ನು ಹಳ್ಳಿ. ಕಡಲ ಪಕ್ಕದ ರಾತೆಂಗಾರೊ, ವಾಯಿಕಬುಬಾಕ್ ಪೇಟೆಯ ನಡುವಿನ ದಿಬ್ಬದ ಮೇಲಿನ ತಾರುಂಗ್, ಅದರ ಹತ್ತಿರದ ಪ್ರಾಯಿಜಿಂಗ್, ಇವು ಸುಲಭಕ್ಕೆ ಸಿಗುತ್ತವೆ. ತಾರುಂಗ್ 2017ರಲ್ಲಿ ಬೆಂಕಿಗೆ ಸುಟ್ಟುಹೋಗಿತ್ತು, ಜನ ಮತ್ತೆ ಕಟ್ಟಿಕೊಂಡಿದ್ದಾರೆ. ಮನೆಗಳಿಗೆ ಹುಲ್ಲಿನ ಮಾಡು, ನಡುವೆ ಗೋಪುರದ ಹಾಗೆ ಎತ್ತರಕ್ಕೆ ಏರುತ್ತದೆ. ಕೆಳಗೆ ಹಂದಿ, ಕೋಳಿ. ನಡುವೆ ಜನ. ಮೇಲಿನ ಗೋಪುರದಲ್ಲಿ ಹಿರಿಯರ ಕಾಲದ ವಸ್ತುಗಳು, ಅದು ಪೂರ್ವಜರ ಜಾಗ. ಮನೆಯ ಎದುರಿಗೇ ದೊಡ್ಡ ಚಪ್ಪಡಿ ಹೊದಿಸಿದ ಸಮಾಧಿಗಳು. ಮಕ್ಕಳು ಅದರ ಮೇಲೇ ಕೂತು ಆಡುತ್ತವೆ, ಹೆಂಗಸರು ಭತ್ತ ಒಣಗಿಸುತ್ತಾರೆ. ಜನಗಣತಿಯಲ್ಲಿ ಹೆಚ್ಚಿನವರು ಕ್ರೈಸ್ತರು, ಆದರೂ ಪೂರ್ವಜರನ್ನು ಪೂಜಿಸುವ ಮರಾಪು ಧರ್ಮ ಬದುಕಿನ ತುಂಬಾ ಇದೆ.

ಊರೊಳಗೆ ಹೋಗುವಾಗ ಕೈಯಲ್ಲಿ ಎಲೆ ಅಡಿಕೆ ಇರಲಿ. ನಮಗೆ ಇದು ಹೊಸದೇನಲ್ಲ, ಅಲ್ವಾ? ಸಂತೆಯಲ್ಲೇ ಸಿಗುತ್ತದೆ. ಅಲ್ಲಿ ಎಲೆಗಿಂತ ವೀಳ್ಯದ ಬಳ್ಳಿಯ ಕಾಯಿಯನ್ನೇ ಜಾಸ್ತಿ ಬಳಸುತ್ತಾರೆ. ನಾವು ಹೋದ ಮನೆಯ ಜಗಲಿಯಲ್ಲಿ ಅಜ್ಜಿಯೊಬ್ಬರು ಹೆಣೆದ ಬುಟ್ಟಿ ಮುಂದೆ ತಳ್ಳಿದರು. ನಾನು ಅಡಿಕೆ ಬಾಯಿಗೆ ಹಾಕಿ, ಆ ಉದ್ದನೆಯ ಹಸಿರು ಕಾಯಿಯನ್ನು ಸುಣ್ಣಕ್ಕೆ ಅದ್ದಿ ಕಚ್ಚಿದೆ. ಖಾರ ನೆತ್ತಿಗೇರಿತು. ಅಜ್ಜಿ ಕೆಂಪು ಹಲ್ಲು ಬಿಟ್ಟು ನಕ್ಕರು. ಆಮೇಲೆ ಮಾತು ಸಲೀಸಾಯಿತು. ಕೊಟ್ಟ ಅಡಿಕೆಯನ್ನು ಬೇಡ ಅನ್ನಬೇಡಿ. ಜಗಿಯುವುದು ಆಗದಿದ್ದರೆ ಕೈಯಲ್ಲಿ ತೆಗೆದುಕೊಂಡು ಇಟ್ಟುಕೊಂಡರೂ ಸಾಕು. ಅತಿಥಿಗಳ ಪುಸ್ತಕದಲ್ಲಿ ಹೆಸರು ಬರೆದು, ಎಷ್ಟು ಕೊಡಬೇಕು ಅಂತ ಮೊದಲೇ ಕೇಳಿ ಕಾಣಿಕೆ ಕೊಡಿ. ಮಕ್ಕಳ ಕೈಗೆ ದುಡ್ಡು ಕೊಡಬೇಡಿ.

ಸಸ್ಯಾಹಾರಿಗಳಿಗೆ ಟೆಂಪೆ (ಹುದುಗಿಸಿದ ಸೋಯಾ), ತೋಫು, ಅನ್ನ, ಸೊಪ್ಪು ಸಿಗುತ್ತದೆ. ಚಟ್ನಿಯಲ್ಲಿ ಸಿಗಡಿ ಅರೆದಿರುತ್ತಾರೆ, ಕೇಳಿ ತಿನ್ನಿ. ಸಾವಿನ ಕಾರ್ಯಕ್ಕೆ ಕರೆದರೆ ಅಲ್ಲಿ ಕೋಣ, ಹಂದಿ ಕಡಿಯುತ್ತಾರೆ. ನೋಡಲು ಆಗದವರು ಹೋಗದಿರುವುದೇ ಮೇಲು. ಫೆಬ್ರವರಿ, ಮಾರ್ಚ್‌ನಲ್ಲಿ ಕುದುರೆ ಮೇಲೆ ಕೂತು ಈಟಿ ಎಸೆದಾಡುವ ಪಸೊಲಾ ನಡೆಯುತ್ತದೆ. ದಿನವನ್ನು ಅಲ್ಲಿನ ಪೂಜಾರಿಗಳು ಚಂದ್ರನನ್ನು ನೋಡಿ ನಿರ್ಧರಿಸುವುದರಿಂದ ತುಂಬಾ ಮುಂಚೆ ಟಿಕೆಟ್ ಮಾಡಿಸುವುದು ಕಷ್ಟ. ಅದು ಮಳೆಗಾಲವೂ ಹೌದು. ಸುಮ್ನೆ ಊರು ನೋಡುವುದಾದರೆ ಮೇ, ಜೂನ್ ಒಳ್ಳೆಯದು, ಗುಡ್ಡಗಳಲ್ಲಿ ಇನ್ನೂ ಸ್ವಲ್ಪ ಹಸಿರು ಇರುತ್ತದೆ.

ಈಗ ಜಾಗದ ವಿಷಯಕ್ಕೆ ಬರುತ್ತೇನೆ. ಒಬ್ಬ ಏಜೆಂಟ್ ಬೈಕಿನಲ್ಲಿ ಮುಂದೆ ಹೋಗಿ ನಮಗೆ ಕಡಲಿನ ಮೇಲಿನ ಇಳಿಜಾರು ತೋರಿಸಿದ. ಚಂದದ ಜಾಗ, ಅದರಲ್ಲಿ ಎರಡು ಮಾತಿಲ್ಲ. ಪ್ಲಾಸ್ಟಿಕ್ ಕವರಿನಿಂದ ಒಂದು ಜೆರಾಕ್ಸ್ ಪ್ರತಿ ತೆಗೆದ. ಅಷ್ಟರಲ್ಲಿ ನಮ್ಮ ಡ್ರೈವರ್ ಹುಲ್ಲಿನ ನಡುವೆ ಕುಕ್ಕರುಗಾಲಲ್ಲಿ ಕೂತು, ಕೈಯಿಂದ ಹುಲ್ಲು ಸರಿಸಿದರು. ಅಡಿಯಲ್ಲಿ ಚಪ್ಪಡಿ. ಸಮಾಧಿ. "ಇದು ಯಾವ ಕಬಿಸುದು?" ಅಂತ ಕೇಳಿದರು. ಕಬಿಸು ಅಂದರೆ ಅಲ್ಲಿನ ಕುಲ. ಏಜೆಂಟ್ ಉತ್ತರ ಕೊಡಲಿಲ್ಲ. ಸಂಜೆ ಹಳ್ಳಿಯ ಹಿರಿಯರನ್ನು ಕೇಳಿದಾಗ ಗೊತ್ತಾಯಿತು: ಮಾರುತ್ತೇನೆ ಅನ್ನುವವನಿಗೆ ಪಾಲು ಇರುವುದು ನಿಜ, ಆದರೆ ಅವನ ಅಣ್ಣಂದಿರಿಗೂ, ಮಲೇಷ್ಯಾಕ್ಕೆ ದುಡಿಯಲು ಹೋದ ಚಿಕ್ಕಪ್ಪನ ಮಕ್ಕಳಿಗೂ ಪಾಲಿದೆ. ಯಾರೂ ಮಾರಲು ಒಪ್ಪಿಲ್ಲ.

ಸುಂಬಾದಲ್ಲಿ ಇದು ಅಪರೂಪದ ಕಥೆ ಅಲ್ಲ. ಎಷ್ಟೋ ಜಮೀನು ಕುಲದ್ದು, ಕಾಗದ ಇಲ್ಲ. ಕಾಗದ ಇದ್ದರೂ ಭೂ ಕಚೇರಿಯಲ್ಲಿ ಅಸಲನ್ನು ತಾಳೆ ನೋಡದೆ ನಂಬುವ ಹಾಗಿಲ್ಲ. ಜಗಳ ಪ್ರಾಣಕ್ಕೂ ಬರುತ್ತದೆ. 2018ರ ಏಪ್ರಿಲ್‌ನಲ್ಲಿ ಪಶ್ಚಿಮ ಸುಂಬಾದ ಮರೊಸಿ ತೀರದ ಹತ್ತಿರ ಕಂಪನಿಗಾಗಿ ಜಮೀನು ಅಳೆಯುವಾಗ ಊರವರು ಅಡ್ಡ ನಿಂತರು. ಗುಂಡೇಟಿಗೆ ಒಬ್ಬ ರೈತ ಸತ್ತರು. ಅಂಥ ಜಾಗದಲ್ಲಿ ನಮಗೊಂದು ವಿಲ್ಲಾ ಬೇಕಾ?

ಕಾನೂನೂ ನಮ್ಮ ಪರ ಇಲ್ಲ. ಇಂಡೋನೇಷ್ಯಾದ 1960ರ ಭೂಮಿ ಕಾನೂನಿನ ಪ್ರಕಾರ ಪೂರ್ಣ ಒಡೆತನ ವಿದೇಶಿಯರಿಗೆ ಸಿಗುವುದಿಲ್ಲ. "ಇಲ್ಲಿಯವರ ಹೆಸರಲ್ಲಿ ಬರೆಸಿ, ಪಕ್ಕದಲ್ಲಿ ಒಂದು ಒಪ್ಪಂದ ಮಾಡಿಕೊಳ್ಳೋಣ" ಅಂತ ಏಜೆಂಟರು ಹೇಳುತ್ತಾರೆ. ಅದೇ ಕಾನೂನಿನ 26ನೇ ಕಲಮು ಇಂಥ ವ್ಯವಹಾರವನ್ನು ಅಸಿಂಧು ಅನ್ನುತ್ತದೆ. ಜಮೀನು ಸರ್ಕಾರದ ಪಾಲು. ಕೊಟ್ಟ ದುಡ್ಡನ್ನು ವಾಪಸ್ ಕೇಳುವ ಹಕ್ಕೂ ಇಲ್ಲ. ಇದನ್ನು ದಯವಿಟ್ಟು ಎರಡು ಸಲ ಓದಿಕೊಳ್ಳಿ.

ಸರಿಯಾದ ದಾರಿ ಅಂದರೆ ವಿದೇಶಿ ಬಂಡವಾಳದ ಕಂಪನಿ ಮಾಡಿ, ಕಟ್ಟಡ ಕಟ್ಟುವ ಹಕ್ಕು ಪಡೆಯುವುದು. ಮೊದಲು 30 ವರ್ಷ, ಆಮೇಲೆ 20, ಮತ್ತೆ 30. ಆದರೆ ಆ ಕಂಪನಿಯ ಯೋಜನೆ 1,000 ಕೋಟಿ ರುಪಿಯಾಗಿಂತ ದೊಡ್ಡದಿರಬೇಕು. ನಮ್ಮ ದುಡ್ಡಿನಲ್ಲಿ 5 ಕೋಟಿ ರೂಪಾಯಿ ದಾಟುತ್ತದೆ. ಗುತ್ತಿಗೆಗೆ ತೆಗೆದುಕೊಳ್ಳಬಹುದು, ಅದಕ್ಕೂ ಇಡೀ ಕುಲದ ಒಪ್ಪಿಗೆ ಬೇಕು. ಕಡಲಿನ ಅತಿ ಎತ್ತರದ ಭರತದ ಗೆರೆಯಿಂದ ಕನಿಷ್ಠ 100 ಮೀಟರ್ ಬಿಡಬೇಕು ಅನ್ನುವ ನಿಯಮವೂ ಇದೆ. ಪ್ರವಾಸಿ ವೀಸಾದಲ್ಲಿ ಹೋಗಿ ಹೋಂಸ್ಟೇ ನಡೆಸುವ ಹಾಗಿಲ್ಲ.

ನಮ್ಮ ಕಡೆಯ ಲೆಕ್ಕವೂ ಇದೆ. ರಿಸರ್ವ್ ಬ್ಯಾಂಕ್ ನಿಯಮದಂತೆ ಒಬ್ಬರು ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್ ತನಕ ಹೊರಗೆ ಕಳಿಸಬಹುದು. ಹೂಡಿಕೆಗೆ 10 ಲಕ್ಷ ರೂಪಾಯಿ ದಾಟಿದ ಮೊತ್ತಕ್ಕೆ ಬ್ಯಾಂಕು 20% ಟಿಸಿಎಸ್ (ಮೊದಲೇ ವಸೂಲಿ ಮಾಡುವ ತೆರಿಗೆ) ಹಿಡಿಯುತ್ತದೆ. ರಿಟರ್ನ್ಸ್‌ನಲ್ಲಿ ವಿದೇಶಿ ಆಸ್ತಿಯ ಪಟ್ಟಿ ತುಂಬಲೇಬೇಕು, ಬಿಟ್ಟರೆ ದಂಡ 10 ಲಕ್ಷದ ತನಕ ಹೋಗಬಹುದು.

ಹಾಗಾದರೆ ದುಡ್ಡು ಎಲ್ಲಿ ಹಾಕುವುದು? ನನ್ನ ಉತ್ತರ, ಮಗ್ಗಕ್ಕೆ. ಪೂರ್ವ ಸುಂಬಾದ ಪ್ರಾಯಿಲಿಯು, ರೆಂಡೆ, ಕಾಲಿಯುಡಾ ಊರುಗಳಿಗೆ ಹೋಗಿ. ಹಾಸಿನ ನೂಲನ್ನು ಗಂಟು ಕಟ್ಟಿ, ನೀಲಿಯಲ್ಲಿ ಅದ್ದಿ, ಒಣಗಿಸಿ, ಗಂಟು ಬಿಚ್ಚಿ ಮತ್ತೆ ಕಟ್ಟಿ, ನೋನಿ ಬೇರಿನ ಕೆಂಪಿನಲ್ಲಿ ಅದ್ದುತ್ತಾರೆ. ನೇಯ್ಗೆ ಆಮೇಲಿನ ಮಾತು. ಒಳ್ಳೆಯ ಬಟ್ಟೆಗೆ ತಿಂಗಳುಗಟ್ಟಲೆ ಹಿಡಿಯುತ್ತದೆ, ಕೆಲವಕ್ಕೆ ವರ್ಷ. ಹೋಟೆಲಿನ ಮುಂದೆ ಅಗ್ಗಕ್ಕೆ ಮಾರುವುದನ್ನು ತಿರುವಿ ನೋಡಿ. ನಿಜವಾದದ್ದರಲ್ಲಿ ಚಿತ್ತಾರ ಎರಡೂ ಬದಿ ಒಂದೇ ಥರ ಇರುತ್ತದೆ, ಪ್ರಿಂಟ್ ಮಾಡಿದ್ದರಲ್ಲಿ ಹಿಂಬದಿ ಮಂಕು. ನೇಯುವವರಿಗೇ ನೇರ ಆರ್ಡರ್ ಕೊಟ್ಟು, ನೂಲು ಬಣ್ಣದ ಖರ್ಚಿಗೆ ಮುಂಗಡ ಕೊಡಿ. ಅವರು ಸಾಲಕ್ಕೆ ಕೈ ಚಾಚುವುದು ಅದಕ್ಕೇ. ಚೌಕಾಸಿ ಮಾಡಿ ಬೆಲೆ ಅರ್ಧಕ್ಕೆ ಇಳಿಸಬೇಡಿ. ಎಷ್ಟು ಮುಂಗಡ, ಯಾವ ಬಣ್ಣ, ಯಾವಾಗ ಮುಗಿಯುತ್ತದೆ, ಎಲ್ಲ ಇಂಡೋನೇಷ್ಯಾ ಭಾಷೆಯಲ್ಲಿ ಒಂದು ಹಾಳೆಯಲ್ಲಿ ಬರೆಸಿ, ಇಬ್ಬರೂ ಒಂದೊಂದು ಪ್ರತಿ ಇಟ್ಟುಕೊಳ್ಳಿ. ಬಟ್ಟೆ ಕೈಗೆ ಬಂದ ದಿನವೇ ಬಾಕಿ ಕೊಡಿ. ಊರಿಗೆ ತಂದು ಮಾರುವ ಯೋಚನೆ ಇದ್ದರೆ ಆಮದು ಮಾಡಲು ಬೇಕಾದ ಐಇಸಿ ನಂಬರನ್ನು ಹೊರಡುವ ಮೊದಲೇ ಮಾಡಿಸಿಕೊಳ್ಳಿ. ಗೆಳೆಯರು ಈಗ ಅದರ ಕೆಲಸದಲ್ಲೇ ಇದ್ದಾರೆ.