ಓಡಿ ಬಂದ ಹುಡುಗನನ್ನು ಸುಮ್ನೆ ವಾಪಸ್ ಕಳಿಸಬಾರದಾ?

ರೈಲ್ವೆ ಸ್ಟೇಷನ್ನಿನ ಮಕ್ಕಳ ಸಹಾಯ ಕೇಂದ್ರದಲ್ಲಿ ನಾನು ಕೆಲವು ವರ್ಷ ಕೂತಿದ್ದೆ. ಅದು ಗೊತ್ತಾದ ಕೂಡಲೇ, ಮದುವೆ ಮನೆಯ ಊಟದ ಪಂಕ್ತಿಯಲ್ಲೂ ಯಾರಾದರೂ ಕೇಳುತ್ತಾರೆ: "ಅಪ್ಪ ಬೈದ ಅಂತ ಓಡಿ ಬಂದ ಹುಡುಗನನ್ನ ಅಷ್ಟು ದಿನ ಯಾಕ್ರೀ ಇಟ್ಕೋತೀರಿ? ಟಿಕೆಟ್ ತೆಗೆಸಿ ಕಳಿಸಿದ್ರೆ ಮುಗೀತಲ್ವಾ?"

ಮೊದಲು ನಾನೂ ಹಾಗೇ ಅಂದುಕೊಂಡಿದ್ದೆ.

ಒಂದು ಮೇ ತಿಂಗಳ ಬೆಳಗಿನ ಜಾವ. ಹಂಪಿ ಎಕ್ಸ್‌ಪ್ರೆಸ್ಸಿನಿಂದ ಹದಿನಾರರ ಹುಡುಗನೊಬ್ಬ ಇಳಿದ. ಗಂಗಾವತಿ ಕಡೆಯವನು. ಸ್ಕೂಲ್ ಬ್ಯಾಗಿನಲ್ಲಿ ಒಂದು ಅಂಗಿ, ಅರ್ಧ ಪೊಟ್ಟಣ ಬಿಸ್ಕತ್ತು, ಆಮೇಲೆ ನಾಲ್ಕು ಮಡಿಕೆ ಮಾಡಿದ ಒಂದು ಹಾಳೆ. ಎಸ್ಸೆಸ್ಸೆಲ್ಸಿ ಅಂಕಗಳ ಪ್ರಿಂಟ್. ಗಣಿತ, ಇಂಗ್ಲಿಷ್ ಎರಡೂ ಫೇಲ್. ಇದನ್ನ ಯಾಕಪ್ಪಾ ತಂದಿದ್ದೀಯ ಅಂದರೆ, "ಕೆಲ್ಸಾ ಕೇಳಿದ್ರ ತೋರಸ್ಬೇಕಲ್ರೀ" ಅಂದ.

ನಾವೇ ಬಸ್ ಹತ್ತಿಸಿ ಕಳಿಸುವ ಹಾಗಿಲ್ಲ. 2015ರ ಬಾಲನ್ಯಾಯ ಕಾಯ್ದೆ ಪ್ರಕಾರ, ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿ ಮುಂದೆ ಹಾಜರುಪಡಿಸಬೇಕು; ಮಗು ಎಲ್ಲಿರಬೇಕು ಅಂತ ತೀರ್ಮಾನಿಸೋದು ಆ ಸಮಿತಿ. ಹಾಗೇ ಮಾಡಿದೆವು. ಅಪ್ಪ ಬಂದರು, ಅತ್ತರು, ಕಾಗದಪತ್ರ ಮುಗಿಯಿತು, ಕರೆದುಕೊಂಡು ಹೋದರು. ನಮಗೋ ಖುಷಿ. ಮನೆಯ ಜಗಳದ ಬಗ್ಗೆ ನಾನು ಒಂದು ಮಾತೂ ಕೇಳಿರಲಿಲ್ಲ.

ಇಪ್ಪತ್ತೆರಡನೇ ದಿನ ಅದೇ ಹುಡುಗ ಅದೇ ಪ್ಲಾಟ್‌ಫಾರ್ಮಿನಲ್ಲಿ. ಈ ಸಲ ನಮ್ಮ ಟೇಬಲ್ ಕಂಡವನೇ ಇನ್ನೊಂದು ಗೇಟಿನ ಕಡೆ ತಿರುಗಿದ. ಅವತ್ತು ನನಗೆ ಬಿಸಿ ತಟ್ಟಿತು. ಅವನ ಲೆಕ್ಕದಲ್ಲಿ ನಾವು ಸಹಾಯ ಮಾಡುವವರಲ್ಲ, ಹಿಡಿದುಕೊಡುವವರು.

ಎರಡನೇ ಸಲ ಅಪ್ಪನ ಜೊತೆ ಎರಡು ಗಂಟೆ ಕೂತೆವು. ಸಾಲ ಮಾಡಿ ಟ್ಯೂಷನ್ನಿಗೆ ಹಾಕಿದ್ದರಂತೆ. ಫೇಲಾದ ದಿನವೇ ಸಾಲ ಕೊಟ್ಟವನೂ ಬಾಗಿಲಿಗೆ ಬಂದಿದ್ದ. ಬೆಲ್ಟು ಬಿದ್ದದ್ದು ಹುಡುಗನಿಗೆ, ಸಿಟ್ಟು ಇದ್ದದ್ದು ಸಾಲದ ಮೇಲೆ. 2024ರಲ್ಲಿ ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಮೂರು ಪರೀಕ್ಷೆ ಶುರುವಾದದ್ದು ಇಬ್ಬರಿಗೂ ಸರಿಯಾಗಿ ಗೊತ್ತಿರಲಿಲ್ಲ. ಪರೀಕ್ಷೆ-2ಕ್ಕೆ ಹಣ ಕಟ್ಟುವ ದಿನ ಅಷ್ಟರಲ್ಲಿ ದಾಟಿತ್ತು. ಮೊದಲ ಸಲವೇ ಕೇಳಿದ್ದರೆ ದಾಟುತ್ತಿರಲಿಲ್ಲ.

ಮೊದಲೆಲ್ಲ ಇಂಥ ಹೊತ್ತಿಗೆ ಅಜ್ಜಿ ಮನೆ ಇರುತ್ತಿತ್ತು. ಹುಡುಗ ಮುನಿಸಿಕೊಂಡು ಅಲ್ಲಿಗೆ ಹೋಗುತ್ತಿದ್ದ, ನಾಲ್ಕು ದಿನ ತಿಂದುಂಡು ಮಲಗುತ್ತಿದ್ದ, ಅಷ್ಟರಲ್ಲಿ ಅಪ್ಪನ ಸಿಟ್ಟೂ ಇಳಿಯುತ್ತಿತ್ತು. (ಎಲ್ಲ ಅಜ್ಜಿ ಮನೆಗಳೂ ಹಾಗಿರಲಿಲ್ಲ, ಅದೂ ಗೊತ್ತು.) ನಾವು ಸಮಾಲೋಚನೆ, ತಾತ್ಕಾಲಿಕ ವಸತಿ ಅಂತ ದೊಡ್ಡ ಹೆಸರಿಟ್ಟು ಮಾಡೋದು ಹೆಚ್ಚುಕಡಿಮೆ ಅದೇ ಕೆಲಸ. ಮಕ್ಕಳ ಸಹಾಯವಾಣಿ 1098ಕ್ಕೆ ಮನೆಯಿಂದಲೇ ಫೋನ್ ಮಾಡಬಹುದು, ಓಡಿ ಹೋಗಲೇಬೇಕು ಅಂತಿಲ್ಲ. ನಿಮ್ಹಾನ್ಸ್ ಜೊತೆ ಸೇರಿ ಸರ್ಕಾರ ನಡೆಸುವ ಯುವ ಸ್ಪಂದನದಲ್ಲಿ 15ರಿಂದ 35ರ ವಯಸ್ಸಿನವರು ಹೋಗಿ ಮಾತಾಡಬಹುದು. ತೀರಾ ಕಷ್ಟದಲ್ಲಿರುವ ಮನೆಗೆ ಮಿಷನ್ ವಾತ್ಸಲ್ಯ ಅನ್ನೋ ಸರ್ಕಾರಿ ಮಕ್ಕಳ ರಕ್ಷಣಾ ಯೋಜನೆಯ ಪ್ರಾಯೋಜಕತ್ವದಲ್ಲಿ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಸಿಗುವ ದಾರಿಯೂ ಇದೆ. ಅರ್ಜಿ ಹಿಡಿದು ಓಡಾಡಬೇಕು, ಅದು ಬೇರೆ ಕಥೆ.

ಹುಡುಗಿ ಬಂದರೆ ಇನ್ನೂ ಹುಷಾರಾಗಿರಬೇಕು. ಹದಿನೈದಕ್ಕೇ ಮದುವೆ ಗೊತ್ತು ಮಾಡಿದ್ದಾರೆ ಅಂತ ಓಡಿ ಬಂದವಳಿಗೆ ಟಿಕೆಟ್ ತೆಗೆಸಿಕೊಟ್ಟರೆ, ಸೀದಾ ಹಸೆಮಣೆಗೇ ಕಳಿಸಿದ ಹಾಗೆ. ಹದಿನೆಂಟು ದಾಟಿದವರ ಪಾಡು ಇನ್ನೊಂದು ತರಹ. ಬಾಲಮಂದಿರದಿಂದ ಹೊರಬಂದವರಿಗೆ 21ರವರೆಗೆ ಆಸರೆ ಕೊಡಲು ಕಾನೂನಿನಲ್ಲಿ ಜಾಗವಿದೆ. ಹತ್ತೊಂಬತ್ತಕ್ಕೆ ಮೊದಲ ಸಲ ಮನೆ ಬಿಟ್ಟವನಿಗೆ ಅದು ಅನ್ವಯಿಸಲ್ಲ. ಅಂಥವರು ಬಂದಾಗ ನಾವು ಗುರುತಿನ ಹೋಟೆಲಿನವರನ್ನು ಕೇಳಿಕೊಂಡದ್ದೇ ಜಾಸ್ತಿ.

ನಮ್ಮ ಹುಡುಗನ ವಿಷಯಕ್ಕೆ ಬರ್ತೀನಿ. ಅವನ ಸೋದರಮಾವ ಪಕ್ಕದ ಊರಿನಲ್ಲೇ ಇದ್ದರು. ಅಪ್ಪನಿಗೂ ಅವರಿಗೂ ಮೂರು ವರ್ಷದಿಂದ ಮಾತಿರಲಿಲ್ಲ. ಫೋನ್ ಮಾಡಿದರೆ ಮರುದಿನವೇ ಬಂದರು. ಸಮಿತಿ ಒಪ್ಪಿತು. ಹುಡುಗ ಮಾವನ ಮನೆಯಲ್ಲಿದ್ದುಕೊಂಡು ಪರೀಕ್ಷೆ-3 ಬರೆದ. ಅಪ್ಪ ಸೋಮವಾರಕ್ಕೊಮ್ಮೆ ಹೋಗಿ ಬರುತ್ತಿದ್ದರು. ಮೊದಲ ವಾರ ಕಟ್ಟೆ ಮೇಲೆ ಕೂತು, ಚಹಾ ಕುಡಿದು, ಮಾತಾಡದೆ ಎದ್ದು ಬಂದಿದ್ದರಂತೆ.

ಫಲಿತಾಂಶದ ದಿನ ಮಾವ ಫೋನ್ ಮಾಡಿದರು. "ಗಣಿತ ಆತ್ರೀ ಸರ. ಇಂಗ್ಲಿಷ್ ಮತ್ತ ಹೋತು."

ಹುಡುಗ ಎಲ್ಲಿದ್ದಾನೆ ಅಂದೆ.

"ಅವ್ರಪ್ಪನ ಜೋಡಿ ಗದ್ದೆಗೆ ಹೋಗ್ಯಾನ್ರೀ."