ದೊಣಿಯೊಳಗಿನ ನೀಲಿ

ಬಂಡೆಯ ತಗ್ಗಿನಲ್ಲಿ ನಿಂತ ನೀರಿಗೆ ನಮ್ಮ ಕಡೆ ದೊಣಿ ಅಂತೀವಿ. ಆನೆಗೊಂದಿಯ ಗುಡ್ಡಗಳಲ್ಲಿ ಓಡಾಡಿದವರಿಗೆ ಗೊತ್ತು, ಮಳೆ ನಿಂತು ಎಷ್ಟೋ ದಿನವಾದರೂ ಅಲ್ಲಿ ಮೊಣಕೈಯಷ್ಟು ನೀರು, ಅದರಲ್ಲಿ ಗೊದ್ದಮೊಟ್ಟೆಗಳ ಓಡಾಟ. ಮಗಳ ಎರಡನೇ ಬಾಣಂತನಕ್ಕೆಂದು ಕಾರಟಗಿಯಿಂದ ಸಿಡ್ನಿಗೆ ಹೋದಾಗ ಸಮುದ್ರದ ದಂಡೆಯಲ್ಲೂ ಥೇಟ್ ಅಂಥವೇ ದೊಣಿ ಕಂಡವು. ಇಳಿತದ ಹೊತ್ತು. ನೀರು ಹಿಂದೆ ಸರಿದು ಬಂಡೆಯೆಲ್ಲ ಬಯಲಾಗಿತ್ತು. ಚಪ್ಪಲಿ ಕಳಚಿ ಮೊಮ್ಮಗನ ಜೊತೆ ಇಳಿದೇಬಿಟ್ಟೆ.

ಅವನಿಗೆ ಆರು ವರ್ಷ. ಕೈಯಲ್ಲಿ ಹಳದಿ ಪ್ಲಾಸ್ಟಿಕ್ ಬಕೀಟು. ನಿಂಬೆಹಣ್ಣಿನ ಗಾತ್ರದ ಖಾಲಿ ಚಿಪ್ಪೊಂದನ್ನು ಎತ್ತಿ ಅದರೊಳಗೆ ಹಾಕಿಕೊಂಡ. ಚೂರು ಹೊತ್ತಿಗೆ ಆ ಚಿಪ್ಪಿನಿಂದ ಏನೋ ಜಾರಿ ಹೊರಬಂತು. ನೆನೆಹಾಕಿದ ಹುಣಸೆಹಣ್ಣಿನ ಬಣ್ಣ, ಮೈ ನನ್ನ ಹೆಬ್ಬೆರಳಿನಷ್ಟು, ಅದಕ್ಕೆ ಎಂಟು ಗಿಡ್ಡ ತೋಳು. ಪಾಪ, ಮರಿಯಿರಬೇಕು, ತೆಗೆದು ನೀರಿಗೆ ಬಿಡೋಣ ಅಂತ ಕೈ ಚಾಚಿದೆ. ಬೆರಳ ನೆರಳು ಅದರ ಮೇಲೆ ಬಿದ್ದದ್ದೇ ತಡ, ಮೈಮೇಲೆ ನೀಲಿ ಗೆರೆ, ತೋಳುಗಳ ಮೇಲೆ ನೀಲಿ ಉಂಗುರ, ಒಂದಲ್ಲ ಎರಡಲ್ಲ, ಎಲ್ಲವೂ ಒಂದೇ ಸಲಕ್ಕೆ ಹೊತ್ತಿಕೊಂಡವು. ನವಿಲಿನ ಕೊರಳಲ್ಲೂ ಅಂಥ ನೀಲಿ ನಾನು ನೋಡಿಲ್ಲ.

"ಅತ್ತೀ, ಕೈ ತಗೀರಿ!" ಅಳಿಯ ಕೂಗಿದ ರೀತಿಗೆ ಮಗು ಅಳಲಿಕ್ಕೆ ಶುರುಮಾಡಿತು.

ಅಳಿಯ ಬಕೀಟನ್ನು ತಳ ಹಿಡಿದು ಮೆಲ್ಲಗೆ ದೊಣಿಯೊಳಗೆ ಬಗ್ಗಿಸಿದ. ಅದು ಕಲ್ಲಿನ ಸಂದಿಗೆ ಸೇರುವಷ್ಟರಲ್ಲಿ ನೀಲಿಯೆಲ್ಲ ಆರಿ ಮತ್ತೆ ಹುಣಸೆಹಣ್ಣಿನ ಬಣ್ಣವಾಗಿತ್ತು. ಅದು ನೀಲಿ ಉಂಗುರದ ಆಕ್ಟೋಪಸ್. ಬೆದರಿದಾಗ ಮಾತ್ರ ಹೀಗೆ ಮಿಂಚುತ್ತದಂತೆ. ಹೊಳೆಯುವ ಕಣಗಳು ಚರ್ಮದ ಮಡಿಕೆಯಲ್ಲಿ ಯಾವಾಗಲೂ ಇರುತ್ತವೆ, ಸೀರೆಯ ನೆರಿಗೆ ಬಿಚ್ಚಿದ ಹಾಗೆ ಸ್ನಾಯುಗಳು ಆ ಮಡಿಕೆಯನ್ನು ಬಿಡಿಸುತ್ತವೆ. ಅದಾಗಿ ಕಚ್ಚಲು ಬರಲಿಲ್ಲ. ಮೊದಲು ಎಚ್ಚರಿಕೆ ಕೊಟ್ಟಿತು. ಅದಕ್ಕೆ ನನಗೆ ಅದರ ಮೇಲೆ ಸಿಟ್ಟಿಲ್ಲ.

ಮನೆಗೆ ಬಂದ ಮೇಲೆ ಅಳಿಯ ಉಳಿದದ್ದನ್ನು ಹೇಳಿದ. ಎಷ್ಟೋ ಸಲ ಕಚ್ಚಿದ್ದು ಗೊತ್ತೇ ಆಗುವುದಿಲ್ಲವಂತೆ, ನೋವಿರುವುದಿಲ್ಲ. 1954ರಲ್ಲಿ ಆಸ್ಟ್ರೇಲಿಯಾದ ಡಾರ್ವಿನ್ ಅನ್ನೋ ಊರಿನ ಹತ್ತಿರ ಒಬ್ಬ ಯುವಕ ಇಂಥದೊಂದು ಪುಟ್ಟ ಆಕ್ಟೋಪಸ್ಸನ್ನು ಭುಜದ ಮೇಲೆ ಹರಿದಾಡಲು ಬಿಟ್ಟುಕೊಂಡಿದ್ದ, ಕೆಲವೇ ತಾಸಿನಲ್ಲಿ ತೀರಿಹೋದ. ವಿಷದ ಹೆಸರು ಟೆಟ್ರೊಡೊಟಾಕ್ಸಿನ್. ಮೊದಲು ತುಟಿ ಜೋಮು ಹಿಡಿಯುತ್ತದೆ, ಮಾತು ತೊದಲುತ್ತದೆ, ಆಮೇಲೆ ಕೈಕಾಲು, ಕಡೆಗೆ ಉಸಿರು. ಇದಕ್ಕೆ ಪ್ರತಿವಿಷ ಇಲ್ಲ. ಆದರೆ ಬಾಯಿಂದಲೋ ಯಂತ್ರದಿಂದಲೋ ಯಾರಾದರೂ ಉಸಿರು ಕೊಡುತ್ತಲೇ ಇದ್ದರೆ ಸುಮಾರು ಒಂದು ದಿನದಲ್ಲಿ ವಿಷ ಇಳಿದು ಮನುಷ್ಯ ಎದ್ದು ಕೂಡುತ್ತಾನೆ. ಅಲ್ಲಿಯವರೆಗೂ ಅವನಿಗೆ ಎಚ್ಚರ ಇರಬಹುದು. ಕಣ್ಣು ತೆರೆಯಲಾರ, ಬೆರಳು ಆಡಿಸಲಾರ, ಅಷ್ಟೇ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಈ ಲಕ್ಷಣಗಳೆಲ್ಲ ನಾನು ಕಣ್ಣಾರೆ ಕಂಡವು.

2011ರ ಆಗಸ್ಟ್. ಭತ್ತಕ್ಕೆ ರಾತ್ರಿ ನೀರಿನ ಪಾಳಿ. ನಮ್ಮ ಮನೆಯವರು ಹೊಲದ ಗುಡಿಸಲಲ್ಲಿ ನೆಲಕ್ಕೆ ಚಾಪೆ ಹಾಸಿ ಮಲಗಿದ್ದರು. ನಸುಕಿನಲ್ಲಿ ಹೊಟ್ಟೆನೋವೆಂದು ಮನೆಗೆ ಬಂದರು. ಸಂಜೆ ತಿಂದ ಮಿರ್ಚಿಯದೇ ಕಾಟ ಅಂದುಕೊಂಡು ಓಂಕಾಳು ಕೊಟ್ಟೆ. ಬೆಳಕು ಹರಿಯುವಾಗ ರೆಪ್ಪೆ ಜೋತುಬಿದ್ದಿದ್ದವು. ಎಬ್ಬಿಸಿದರೆ ಹುಬ್ಬು ಎತ್ತುತ್ತಾರೆ, ಕಣ್ಣು ಬಿಚ್ಚುತ್ತಿಲ್ಲ. ಕಟ್ಟುಹಾವು ಕಚ್ಚಿತ್ತು. ಗಾಯ ಹುಡುಕಿದರೂ ಸಿಗಲಿಲ್ಲ, ನೋವಂತೂ ಇರಲೇ ಇಲ್ಲ. ಮೊದಲು ಹೋದ ಆಸ್ಪತ್ರೆಯಲ್ಲಿ ಚುಚ್ಚುಮದ್ದು ಕೊಟ್ಟರು, ಉಸಿರಾಟದ ಯಂತ್ರ ಇರಲಿಲ್ಲ. ಅಷ್ಟರಲ್ಲಿ ಅವರು ಅಲ್ಲಾಡುವುದು ನಿಂತಿತ್ತು. ಹಿಂದೆ ಬಂದ ಹೆಂಗಸರು ಅಳಲು ಶುರುಮಾಡಿದ್ದರು. "ಇನ್ನೇನೈತಿ, ಊರಿಗೆ ಒಯ್ಯೋಣ" ಅಂತ ಹಿರಿಯರೊಬ್ಬರು ಅಂದರು. ನರ್ಸಮ್ಮ ಒಪ್ಪಲಿಲ್ಲ. ಗಂಟಲಿಗೆ ಕೊಳವೆ ಹಾಕಿಸಿ ರಬ್ಬರಿನ ಚೀಲವೊಂದನ್ನು ನನ್ನ ಕೈಗೆ ಕೊಟ್ಟರು. "ಒತ್ತಬೇಕು, ಬಿಡಬೇಕು. ದೊಡ್ಡ ದವಾಖಾನಿ ಮುಟ್ಟೋತನ ನಿಲ್ಲಸಬ್ಯಾಡ" ಅಂದರು. ಆಂಬುಲೆನ್ಸಿನಲ್ಲಿ ಎರಡು ತಾಸಿಗೂ ಹೆಚ್ಚು ಒತ್ತಿದೆ. ಅಂಗೈ ಬೊಬ್ಬೆ ಬಂದದ್ದು ಮರುದಿನ ಗೊತ್ತಾಯಿತು. ಅವರು ಯಂತ್ರದ ಮೇಲೆ ಆರು ದಿನ ಇದ್ದರು.

ಎರಡು ವಿಷಗಳೂ ಒಂದೇ ಅಲ್ಲ, ಅದನ್ನು ಆಮೇಲೆ ಓದಿ ತಿಳಿದುಕೊಂಡೆ. ಕಾಲುವೆ ಕೆಳಗಿನ ಒಕ್ಕಲು ನಾನು, ನನಗೆ ಹೀಗೆ ಅರ್ಥವಾಯಿತು. ಆಕ್ಟೋಪಸ್ಸಿನ ವಿಷ ನರದ ಉದ್ದಕ್ಕೂ ತೂಬು ಮುಚ್ಚುತ್ತದೆ. ವಿಷ ಹೊರಟುಹೋದರೆ ತೂಬು ತಾನೇ ತೆರೆದು ನೀರು ಹರಿಯುತ್ತದೆ. ಕಟ್ಟುಹಾವಿನದು ನರದ ತುದಿಯನ್ನೇ, ಅಂದರೆ ನೀರು ಹೊಲಕ್ಕೆ ಬೀಳುವ ಬಾಯನ್ನೇ ಕೆಡಿಸುತ್ತದೆ. ಅದನ್ನು ಮೈ ಮತ್ತೆ ಕಟ್ಟಿಕೊಳ್ಳಬೇಕು. ಅದಕ್ಕೇ ದಿನಗಟ್ಟಲೆ ಯಂತ್ರ. ಎರಡರಲ್ಲೂ ಉಸಿರು ನಿಂತದ್ದನ್ನು ನೋಡಿ ಜೀವ ಹೋಯಿತೆಂದು ಕೈಬಿಟ್ಟರೆ, ಕೊಲ್ಲುವುದು ನಮ್ಮ ಅವಸರ.

ಮರುದಿನ ಊರಿಗೆ ಫೋನ್ ಮಾಡಿ ನಮ್ಮ ಮನೆಯವರಿಗೆ ಎಲ್ಲ ಹೇಳಿದೆ. ಅವರು ನೀಲಿಯ ಬಗ್ಗೆ ಕೇಳಲಿಲ್ಲ, ಸಮುದ್ರದ ಬಗ್ಗೆ ಕೇಳಲಿಲ್ಲ.

"ಅದು ಕಚ್ಚಿದಾಂವಗ ಕಿವಿ ಕೇಳಸ್ತದೇನು?"

"ಕೇಳಸ್ತದಂತ."

ಹೆಂಗಸರು ಅತ್ತದ್ದು, ಊರಿಗೆ ಒಯ್ಯೋಣ ಅಂದದ್ದು ತಮಗೆ ಕೇಳಿಸಿತ್ತೆಂದು ಅವರು ಆಗಲೇ ಹೇಳಿದ್ದರು. ಆ ಮಾತು ಮನೆಯಲ್ಲಿ ಬೇಡ ಅಂತ ನಾವಿಬ್ಬರೂ ಮತ್ತೆ ಎತ್ತಿರಲಿಲ್ಲ. ಈಗ ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು:

"ಗಾಡ್ಯಾಗ ನೀ ಎಣಸ್ತಿದ್ದಿ. ನೂರು ದಾಟಿದ ಮ್ಯಾಲ ತಪ್ಪತಿದ್ದಿ. ತಪ್ಪಿದಾಗೆಲ್ಲಾ ಮತ್ತ ಒಂದರಿಂದ ಸುರು ಮಾಡತಿದ್ದಿ."