ಅಕ್ವೇರಿಯಂ ಅಪ್‌ಡೇಟ್: ಉದ್ದದ ಪಟ್ಟಿ ಕೊನೆಗೂ ಮೂರು ಜಾತಿಗೆ ಇಳಿಯಿತು

ಫಿಲ್ಟರ್ ಅಂತೂ ಪಳಗಿತು, ಅಂದರೆ ಮೀನಿನ ಗಲೀಜಿನಿಂದ ಬರುವ ವಿಷಕಾರಿ ಅಮೋನಿಯಾವನ್ನು ಮೊದಲು ನೈಟ್ರೈಟ್, ಆಮೇಲೆ ಅಷ್ಟು ಅಪಾಯವಿಲ್ಲದ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಅದರಲ್ಲಿ ನೆಲೆಯೂರಿವೆ. ಸಂಜೆ 2 ಪಿಪಿಎಂ (ಲೀಟರಿಗೆ 2 ಮಿ.ಗ್ರಾಂ) ಅಮೋನಿಯಾ ಹಾಕಿದ್ದೆ, ಮರುದಿನ ಸಂಜೆ ಟೆಸ್ಟ್ ಮಾಡಿದರೆ ಅಮೋನಿಯಾ 0, ನೈಟ್ರೈಟ್ 0. ನೈಟ್ರೇಟ್ ಏರಿತ್ತು, ಅರ್ಧಕ್ಕಿಂತ ಜಾಸ್ತಿ ನೀರು ಬದಲಿಸಿದ ಮೇಲೆ 10ರ ಆಸುಪಾಸಿಗೆ ಬಂತು. ಮೀನಿಲ್ಲದೆ ಬ್ಯಾಕ್ಟೀರಿಯಾ ಬೆಳೆಸುವ ಈ ಹಂತ ಸಾಮಾನ್ಯವಾಗಿ 4ರಿಂದ 6 ವಾರ ಹಿಡಿಯುತ್ತದೆ. ಬೇಜಾರು ಹೌದು. ಆದರೆ ಪಟ್ಟಿಯಿಂದ ಮೀನುಗಳ ಹೆಸರು ಹೊಡೆದು ಹಾಕುವುದಕ್ಕೆ ಇಷ್ಟು ಪುರುಸೊತ್ತು ಇನ್ನು ಯಾವಾಗ ಸಿಗುತ್ತದೆ ಹೇಳಿ?

ಹೊಸದಾಗಿ ಓದುತ್ತಿರುವವರಿಗೆ: ಟ್ಯಾಂಕ್ 90×40×40 ಸೆಂ.ಮೀ., ಲೆಕ್ಕಕ್ಕೆ 144 ಲೀಟರ್, ಮರಳು ಕಲ್ಲು ಕಟ್ಟಿಗೆ ಎಲ್ಲ ಕಳೆದರೆ ನೀರು ಸುಮಾರು 120 ಲೀಟರ್. ಪಿಎಚ್ 7.4, ಜಿಎಚ್ (ನೀರಿನ ಗಡಸುತನ) 10, ಹೀಟರ್ 25 ಡಿಗ್ರಿಗೆ ಇಟ್ಟಿದ್ದೇನೆ.

ಈ ಅಂಕಿಗಳನ್ನು ಕಾಗದದ ಮೇಲ್ಗಡೆ ಬರೆದುಕೊಂಡು ಕೂತೆ. ಮೊದಲು ಮೀನು ಆರಿಸಿ ಆಮೇಲೆ ಅದಕ್ಕೆ ತಕ್ಕಂತೆ ನೀರು ತಿದ್ದುವ ಕೆಲಸ ನನ್ನಿಂದಾಗದು. ಪಿಎಚ್ ಇಳಿಸುವ ಬಾಟಲಿಗಳು ಸಿಗುತ್ತವೆ, ನಿಜ. ಆದರೆ ಗಡಸು ನೀರಿನಲ್ಲಿ ಕಾರ್ಬೊನೇಟ್ ಇದ್ದರೆ ಇಳಿದ ಪಿಎಚ್ ಮತ್ತೆ ಮೇಲೇರುತ್ತದೆ, ನಾವು ಮತ್ತೆ ಸುರಿಯುತ್ತೇವೆ, ಅದು ಮತ್ತೆ ಏರುತ್ತದೆ. ಸ್ವಲ್ಪ ಜಾಸ್ತಿ ಇದ್ದರೂ ಒಂದೇ ಸಮ ಇರುವ ಪಿಎಚ್‌ಗೆ ಎಷ್ಟೋ ಮೀನುಗಳು ಹೊಂದಿಕೊಳ್ಳುತ್ತವೆ, ದಿನಾ ಆಗುವ ಏರಿಳಿತಕ್ಕೆ ಹೊಂದಿಕೊಳ್ಳುವುದು ಕಷ್ಟ.

ಹೀಗಾಗಿ ಕಾರ್ಡಿನಲ್ ಟೆಟ್ರಾ ಮೊದಲೇ ಹೋಯಿತು. ಅದಕ್ಕೆ ಮೆದುವಾದ, ಸ್ವಲ್ಪ ಆಮ್ಲೀಯ ನೀರು ಇಷ್ಟ. ನಿಯಾನ್ ಟೆಟ್ರಾನೂ ಅದೇ ದಾರಿ ಹಿಡಿಯಿತು. ಸಾಕಿ ಬೆಳೆಸಿದ ನಿಯಾನ್‌ಗಳು ಇಂಥ ನೀರಿಗೂ ಹೊಂದಿಕೊಳ್ಳುತ್ತವೆ ಎನ್ನುವುದು ಗೊತ್ತು, ಆದರೆ ಈಗಷ್ಟೇ ಪಳಗಿದ ಟ್ಯಾಂಕಿಗೆ ಮೊದಲ ಮೀನಾಗಿ ಅದನ್ನು ಬಿಡಲು ಧೈರ್ಯ ಬರಲಿಲ್ಲ. ಏಂಜೆಲ್ ಅಂಗೈಯಗಲ ಬೆಳೆಯುತ್ತದೆ, ಬಾಯಿಗೆ ಹಿಡಿಸುವ ಸಣ್ಣ ಮೀನನ್ನೆಲ್ಲ ತಿನ್ನುತ್ತದೆ. ಟೈಗರ್ ಬಾರ್ಬ್ ಬೇರೆ ಮೀನಿನ ರೆಕ್ಕೆ ಕಚ್ಚುತ್ತದೆ. ಬಾಲಾ ಶಾರ್ಕ್, ಸಾಮಾನ್ಯ ಪ್ಲೆಕೊ ಎರಡೂ 30 ಸೆಂ.ಮೀ. ಮುಟ್ಟುವ ಮೀನುಗಳು. ಪಾಚಿ ತಿನ್ನಲಿ ಅಂತ ಬೆರಳುದ್ದದ ಪ್ಲೆಕೊ ತರುವವರಿಗೆ ಅದು ಮುಂದೆ ಟ್ಯಾಂಕಿನಲ್ಲಿ ಸರಿಯಾಗಿ ತಿರುಗಲೂ ಆಗದಷ್ಟು ದೊಡ್ಡದಾಗುತ್ತದೆ ಎಂದು ಯಾಕೆ ಯಾರೂ ಹೇಳುವುದಿಲ್ಲವೋ. ಗೋಲ್ಡ್ ಫಿಶ್‌ಗೆ ತಂಪು ನೀರು ಬೇಕು, ಗಲೀಜೂ ಜಾಸ್ತಿ.

ಗಪ್ಪಿ, ಪ್ಲಾಟಿ ಹೊಡೆದು ಹಾಕಲು ಮಾತ್ರ ಮನಸ್ಸು ಬರಲಿಲ್ಲ. ನನ್ನ ನೀರಿಗೆ ಹೇಳಿ ಮಾಡಿಸಿದ ಮೀನುಗಳು ಅವು. ಸಮಸ್ಯೆ ಮರಿಗಳದ್ದು. ಹೆಚ್ಚುಕಮ್ಮಿ ತಿಂಗಳಿಗೊಮ್ಮೆ ಮರಿ ಹಾಕುತ್ತವೆ, ಗಂಡಿನ ವೀರ್ಯವನ್ನು ಹೆಣ್ಣು ತಿಂಗಳುಗಟ್ಟಲೆ ಒಳಗೇ ಇಟ್ಟುಕೊಳ್ಳುತ್ತದೆ, ಹಾಗಾಗಿ ಬರೀ ಹೆಣ್ಣು ತಂದರೂ ತಪ್ಪಿಸಿಕೊಂಡಂತಲ್ಲ. ಬರೀ ಗಂಡು ಗಪ್ಪಿ ಸಾಕಬಹುದು, ಅದು ಒಳ್ಳೆಯ ಉಪಾಯ, ಯಾರಾದರೂ ಕೇಳಿದರೆ ನಾನೂ ಅದನ್ನೇ ಹೇಳುತ್ತೇನೆ. ನನಗೆ ಬೇಕಿದ್ದದ್ದು ಗಿಡಗಳ ಮಧ್ಯೆ ನುಸುಳಾಡುವ ಮೀನು.

ಉಳಿದದ್ದು ಮೂರು: ಚೆರ್ರಿ ಬಾರ್ಬ್, ಬ್ರಾಂಜ್ ಕೋರಿಡೋರಾಸ್ (ಚಿಕ್ಕದಾಗಿ ಕೋರಿ), ಹನಿ ಗೌರಾಮಿ. ಮೂರಕ್ಕೂ 25 ಡಿಗ್ರಿ ಹಿಡಿಸುತ್ತದೆ, 7.4 ಪಿಎಚ್ ಕೂಡ. ಯಾವುದೂ ಇನ್ನೊಂದರ ಬಾಯಿಗೆ ಹಿಡಿಸುವಷ್ಟು ಸಣ್ಣದಲ್ಲ. ಕೋರಿ ನೆಲದಲ್ಲಿ, ಬಾರ್ಬ್ ನಡುವೆ, ಗೌರಾಮಿ ಹೆಚ್ಚಾಗಿ ಮೇಲ್ಗಡೆ, ಹಾಗಾಗಿ ಜಾಗಕ್ಕೆ ಕಿತ್ತಾಟವೂ ಕಮ್ಮಿ. ಹತ್ತು ಬಗೆಯ ಮೀನು ಎರಡೆರಡು ತಂದರೆ ಬಣ್ಣ ಜಾಸ್ತಿ ಕಾಣುತ್ತದೆ ಅನ್ನಿಸುತ್ತದೆ, ಆದರೆ ಗುಂಪಿನ ಮೀನು ಎರಡೇ ಇದ್ದರೆ ಹೆದರಿ ಮೂಲೆ ಸೇರುತ್ತದೆ ಇಲ್ಲವೇ ಸಿಡುಕಾಡುತ್ತದೆ. ಜಾತಿ ಕಮ್ಮಿ, ಗುಂಪು ದೊಡ್ಡದು. ಈ ವಿಷಯದಲ್ಲಿ ನನ್ನ ಹಟ ಜಾಸ್ತಿ.

ಚೆರ್ರಿ ಬಾರ್ಬ್ ಬಂದಾಯಿತು

ಹತ್ತು ತಂದೆ, ನಾಲ್ಕು ಗಂಡು, ಆರು ಹೆಣ್ಣು. ಗಂಡುಗಳು ಹೆಣ್ಣಿನ ಹಿಂದೆ ಬೀಳುವುದು ಜಾಸ್ತಿ, ಹೆಣ್ಣು ಹೆಚ್ಚಿದ್ದರೆ ಒಂದಕ್ಕೇ ಕಾಟ ತಪ್ಪುತ್ತದೆ. ಮೊದಲು ಬೇರೆ ಟಬ್ಬಿನಲ್ಲಿ ಇಟ್ಟು, ಬಿಳಿ ಚುಕ್ಕೆ ರೋಗ ಇಲ್ಲ ಅಂತ ಖಾತ್ರಿ ಮಾಡಿಕೊಂಡೇ ಟ್ಯಾಂಕಿಗೆ ಬಿಟ್ಟದ್ದು. ಆ ಟಬ್ಬಿನ ಸ್ಪಾಂಜ್ ಫಿಲ್ಟರ್ ಮೊದಲೇ ದೊಡ್ಡ ಟ್ಯಾಂಕಿನಲ್ಲಿ ಓಡುತ್ತಿತ್ತು, ಹಾಗಾಗಿ ಅಲ್ಲೂ ಅಮೋನಿಯಾ ತಲೆಬಿಸಿ ಇರಲಿಲ್ಲ.

ಬಂದಾಗ ಎಲ್ಲವೂ ಮಾಸಲು ಕಂದು. ಇವೇನಾ ಚೆರ್ರಿ ಅನ್ನಿಸುವಂತೆ. ಗಿಡದ ಸಂದಿಯಲ್ಲಿ ಕೂತು ಊಟಕ್ಕೂ ಹೊರಬರಲಿಲ್ಲ. ಹೊಂದಿಕೊಂಡ ಮೇಲೆ ನೋಡಿ, ಗಂಡುಗಳಿಗೆ ಬಾಲದ ಕಡೆಯಿಂದ ಕೆಂಪು ಏರಿತು, ಈಗ ಮೈಯೆಲ್ಲ ಕೆಂಪು. ನಿನ್ನೆ ದೀಪ ಹಾಕಿದ ಕೂಡಲೇ ಎರಡು ಗಂಡು ಪಕ್ಕಪಕ್ಕ ನಿಂತವು, ರೆಕ್ಕೆ ಪೂರ್ತಿ ಬಿಡಿಸಿ, ಒಂದರ ತಲೆ ಇನ್ನೊಂದರ ಬಾಲದ ಕಡೆಗೆ, ನಿಧಾನವಾಗಿ ಸುತ್ತು ಹಾಕುತ್ತಾ. ಕಚ್ಚಲಿಲ್ಲ. ಒಂದು ರೆಕ್ಕೆ ಮಡಚಿ ಜಾಗ ಖಾಲಿ ಮಾಡಿತು, ಅಷ್ಟೇ ಜಗಳ. ಹೆಣ್ಣುಗಳು ಕ್ಯಾರೇ ಅನ್ನಲಿಲ್ಲ.

ಬಾರ್ಬ್ ಬಿಟ್ಟ ಮೇಲೆ ದಿನಾ ಟೆಸ್ಟ್ ಮಾಡುತ್ತಿದ್ದೇನೆ, ಅಮೋನಿಯಾ 0 ಬಿಟ್ಟು ಕದಲಿಲ್ಲ. ಊಟ ದಿನಕ್ಕೊಮ್ಮೆ, ಒಂದೆರಡು ನಿಮಿಷದಲ್ಲಿ ಮುಗಿಯುವಷ್ಟು. ವಾರಕ್ಕೊಮ್ಮೆ ಶೇ. 25 ನೀರು ಬದಲು, ಹೊಸ ನೀರಿಗೆ ಕ್ಲೋರಿನ್ ತೆಗೆಯುವ ದ್ರಾವಣ.

ಟಬ್ಬಿನಲ್ಲಿ ಈಗ ಕೋರಿಗಳು

ಆರು. ನೆಲಕ್ಕೆ ಜಲ್ಲಿ ಬಿಟ್ಟು ನಯವಾದ ಮರಳು ಹಾಕಿದ್ದು ಇವುಗಳಿಗಾಗಿಯೇ. ಬಾಯಿಯ ಹತ್ತಿರದ ಮೀಸೆಗಳಿಂದ ನೆಲ ತಡಕಾಡಿ ತಿನ್ನುವ ಮೀನು, ಚೂಪು ಜಲ್ಲಿಯಲ್ಲಿ ಆ ಮೀಸೆ ಸವೆದು ಹೋಗಬಹುದು. ಟಬ್ಬಿನಲ್ಲೂ ಒಂದು ತಟ್ಟೆ ಮರಳು ಇಟ್ಟಿದ್ದೇನೆ. ಮೂತಿ ಒಳಗೆ ತೂರಿಸಿ ಮರಳನ್ನು ಬಾಯಿಗೆ ಎಳೆದುಕೊಳ್ಳುತ್ತವೆ, ಕಿವಿರಿನಿಂದ ಅದು ಹೊಗೆಯ ಹಾಗೆ ಹೊರಗೆ ಸುರಿಯುತ್ತದೆ. ಸುಮ್ನೆ ನೋಡುತ್ತಾ ಕೂರಬಹುದು.

ಮಧ್ಯೆ ಮಧ್ಯೆ ಒಂದು ಕೋರಿ ಸರ್ರನೆ ಮೇಲೆ ಹಾರಿ ಗಾಳಿ ನುಂಗಿ ಕೆಳಗೆ ಬರುತ್ತದೆ. ಗಾಬರಿ ಬೇಡ, ಅದರ ಕರುಳು ಗಾಳಿಯಿಂದ ಆಮ್ಲಜನಕ ಹೀರಿಕೊಳ್ಳುತ್ತದೆ. ಎಲ್ಲವೂ ಬಿಟ್ಟೂಬಿಡದೆ ಮೇಲೆ ಹೋಗುತ್ತಿದ್ದರೆ ಮಾತ್ರ ನೀರು ಪರೀಕ್ಷಿಸಿ. ಇನ್ನೊಂದು ವಿಷಯ, ಇವನ್ನು ಬಲೆಯಲ್ಲಿ ಹಿಡಿಯಬೇಡಿ. ರೆಕ್ಕೆಯ ಮುಂದಿನ ಮುಳ್ಳು ಸೆಟೆದು ಬಲೆಗೆ ಸಿಕ್ಕಿಕೊಳ್ಳುತ್ತದೆ, ಬಿಡಿಸುವಷ್ಟರಲ್ಲಿ ಅದಕ್ಕೂ ನಮಗೂ ಸಾಕುಸಾಕು. ಪ್ಲಾಸ್ಟಿಕ್ ಡಬ್ಬಿ ಸಾಕು. ಮಿಕ್ಕಿದ್ದು ತಿಂದು ಬದುಕುತ್ತವೆ ಎನ್ನುವ ಮಾತನ್ನೂ ನಂಬಬೇಡಿ, ಮುಳುಗುವ ಗುಳಿಗೆ ಇವಕ್ಕೆ ಪ್ರತ್ಯೇಕವಾಗಿ ಹಾಕಬೇಕು, ಅದೂ ದೀಪ ಆರಿಸಿದ ಮೇಲೆ. ಇಲ್ಲದಿದ್ದರೆ ಬಾರ್ಬ್‌ಗಳು ನೆಲ ಮುಟ್ಟಲೂ ಬಿಡುವುದಿಲ್ಲ.

ಹನಿ ಗೌರಾಮಿ ಕೊನೆಗೆ. ಗಂಡು ಗೌರಾಮಿ ಜಾಗ ನನ್ನದು ಎನ್ನುವ ಸ್ವಭಾವದ್ದು, ಮೊದಲೇ ಬಿಟ್ಟರೆ ಇಡೀ ಟ್ಯಾಂಕ್ ತನ್ನದೆಂದುಕೊಳ್ಳುತ್ತದೆ. ಡ್ವಾರ್ಫ್ ಗೌರಾಮಿ ಬಣ್ಣದಲ್ಲಿ ಇದಕ್ಕಿಂತ ಚೆಂದ, ಅಲ್ವಾ, ಆದರೆ ಅದಕ್ಕೆ ತಗಲುವ ಇರಿಡೋವೈರಸ್‌ಗೆ ಮದ್ದಿಲ್ಲ, ಜೊತೆಗೆ ಗಂಡುಗಳ ಪುಂಡಾಟ. ಬೇಡ. ಗೌರಾಮಿಗೂ ಮೇಲಿನ ಗಾಳಿ ಬೇಕು, ಮೇಲ್ಮೈ ತೀರಾ ಅಲುಗಾಡಬಾರದು, ಅದಕ್ಕೆ ಫಿಲ್ಟರ್ ನೀರು ಗಾಜಿಗೆ ಬಡಿಯುವಂತೆ ತಿರುಗಿಸಿ ಒಂದು ಬದಿಗೆ ತೇಲುವ ಗಿಡ ಬಿಟ್ಟಿದ್ದೇನೆ. ಕೋರಿಗಳು ಟ್ಯಾಂಕಿಗೆ ಇಳಿದ ಮೇಲೂ ಅಂಕಿಗಳು ಹೀಗೇ ನಿಂತರೆ ಒಂದು ಜೋಡಿ ತರುತ್ತೇನೆ. ಅಂಗಡಿಯಲ್ಲಿ ಬಣ್ಣ ಮಾಸಿದ ಮೀನಿನಲ್ಲಿ ಗಂಡು ಹೆಣ್ಣು ಹೇಳುವುದು ಕಷ್ಟ, ಗೊತ್ತಾಗದಿದ್ದರೆ ಒಂದೇ ಸಾಕು.